ಎಂತ ಓದ್ತಾ ಇದೀರಿ ಮಾರಾಯ್ರೇ? ಅರ್ಧ ಓದಿದ ಪುಸ್ತಕದ ಬಗ್ಗೆ ಮಾತಾಡುವ ಬಗೆ

ನಮ್ಮ ಶಿವಮೊಗ್ಗದ ಕಡೆ ಎದುರು ಸಿಕ್ಕವರನ್ನು "ಊಟ ಆಯ್ತಾ?" ಎಂದು ಕೇಳಿದರೆ ಯಾರೂ ತಬ್ಬಿಬ್ಬಾಗುವುದಿಲ್ಲ. "ಮಳೆ ಹೆಂಗೆ ನಿಮ್ಮಲ್ಲಿ?" ಎಂದರೆ ಅರ್ಧ ಗಂಟೆ ಮಾತಾಡುತ್ತಾರೆ. "ಈಗ ಎಂತ ಓದ್ತಾ ಇದೀರಿ?" ಎಂದು ಕೇಳಿ ನೋಡಿ, ಮುಖವೇ ಬದಲಾಗುತ್ತದೆ. ಒಂದೋ "ಅಯ್ಯೋ, ಓದೋಕೆ ಪುರುಸೊತ್ತೆಲ್ಲಿ ಮಾರಾಯ್ರೇ" ಎನ್ನುತ್ತಾರೆ, ಇಲ್ಲವೇ ಇಪ್ಪತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಓದಿದ ದೊಡ್ಡ ಕಾದಂಬರಿಯ ಹೆಸರು ಹೇಳಿ ಪಾರಾಗುತ್ತಾರೆ.

ನಾನು ಬಹಳ ಕಾಲ ಎರಡನೆಯ ಗುಂಪಿನವನು. ಹೊಸದಾಗಿ ಸೇರಿಕೊಂಡ ಓದುಗರ ಕೂಟವೊಂದರಲ್ಲಿ ನನ್ನ ಸರದಿ ಬಂದಾಗ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮತ್ತೆ ಓದುತ್ತಿದ್ದೇನೆ ಎಂದುಬಿಟ್ಟೆ. ಓದಿದ್ದು ಒಂದೇ ಸಲ, ಅದೂ ಪರೀಕ್ಷೆಗೆ ಎರಡು ವಾರ ಇರುವಾಗ, ಹಾರಿಸಿ ಹಾರಿಸಿ. ಪಕ್ಕದಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು "ಎಲ್ಲಿಗೆ ಬಂದ್ರಿ? ಗುತ್ತಿ ಎಲ್ಲಿದಾನೆ ಈಗ?" ಎಂದು ಸಹಜವಾಗಿ ಕೇಳಿದರು. ನಾನು ತಡವರಿಸಿ "ಹುಲಿಯನ ಜೊತೆ ಇದಾನೆ" ಎಂದೆ. ಹುಲಿಯ ಎಂದರೆ ಕಾದಂಬರಿಯ ಪಾತ್ರ ಗುತ್ತಿಯ ನಾಯಿ. ಮೇಷ್ಟ್ರು ನಕ್ಕು, "ಹುಲಿಯ ಅವನ ಜೊತೆ ಇಲ್ದೇ ಇದ್ದಿದ್ದು ಯಾವಾಗ ಹೇಳಿ" ಎಂದರು. ನನ್ನ ಓದು ಅಲ್ಲಿಗೆ ಬಯಲಾಯಿತು.

ಅವತ್ತಿನಿಂದ ಈಚೆಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಗಿಸಿದ ಪುಸ್ತಕದ ವಿಮರ್ಶೆ ಮಾಡುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಪುಸ್ತಕ ಇನ್ನೂ ಕೈಯಲ್ಲಿರುವಾಗ, ನಡುವೆ ಎಲ್ಲೋ ಇರುವಾಗ, ಅದನ್ನು ನಾಲ್ಕು ಜನರ ಮುಂದೆ ಇಡುವುದು ಹೇಗೆ ಎಂಬುದನ್ನು. ಮುಗಿಸಿದವರು ತೀರ್ಪು ಕೊಡುತ್ತಾರೆ, ಕೇಳಿದವರು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ನಡುವೆ ಇರುವವರು "ಇಲ್ಲಿ ಸಿಕ್ಕಿಹಾಕ್ಕೊಂಡಿದೀನಿ, ಮುಂದೆ ದಾರಿ ಇದೆಯಾ?" ಎಂದು ಕೇಳುತ್ತಾರೆ. ಆಗ ಎದುರಿಗಿದ್ದವರಿಗೂ ಬಾಯಿ ಬಿಡಲು ಏನಾದರೂ ಸಿಗುತ್ತದೆ.

ಹಿಂದೆ ಇದು ತಾನಾಗಿಯೇ ನಡೆಯುತ್ತಿತ್ತು

'ಸುಧಾ' ಶುರುವಾದದ್ದು 1965ರಲ್ಲಿ, 'ತರಂಗ' 1983ರಲ್ಲಿ. ವಾರಪತ್ರಿಕೆಯ ಧಾರಾವಾಹಿಗಾಗಿ ಮನೆಮಂದಿ ಕಾಯುತ್ತಿದ್ದ ಕಾಲ ನೆನಪಿರುವವರಿಗೆ ನಾನು ಹೇಳುವುದು ತಕ್ಷಣ ಅರ್ಥವಾಗುತ್ತದೆ. ನಮ್ಮ ಬೀದಿಯಲ್ಲಿ ಒಂದು ಪ್ರತಿ ನಾಲ್ಕು ಮನೆ ಸುತ್ತುತ್ತಿತ್ತು. ಮುಂದಿನ ಕಂತು ಬರುವವರೆಗೆ ಯಾರಿಗೂ ಮುಂದಿನದು ಗೊತ್ತಿಲ್ಲ. ಹಾಗಾಗಿ ಬೀದಿಗೆ ಬೀದಿಯೇ ಒಂದೇ ಪುಟದಲ್ಲಿ ನಿಂತಿರುತ್ತಿತ್ತು. ಕಾಂಪೌಂಡಿನ ಆಚೆ ಈಚೆ ನಿಂತು ಅಮ್ಮನೂ ಪಕ್ಕದ ಮನೆಯವರೂ ನಾಯಕಿ ಗಂಡನ ಮನೆ ಬಿಟ್ಟು ಹೋಗುತ್ತಾಳೋ ಇಲ್ಲವೋ ಎಂದು ವಾರವಿಡೀ ವಾದ ಮಾಡುತ್ತಿದ್ದರು. 'ನಾನೀಗ ಓದುತ್ತಿರುವುದು' ಎಂದು ಯಾರೂ ಘೋಷಿಸಬೇಕಾಗಿರಲಿಲ್ಲ.

ಅದಕ್ಕಿಂತ ಹಳೆಯದು ಗಮಕ. ಊರಾಚೆ ತುಂಗೆಯ ಒಂದು ದಡಕ್ಕೆ ಮತ್ತೂರು, ಇನ್ನೊಂದು ದಡಕ್ಕೆ ಹೊಸಹಳ್ಳಿ. ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಗಮಕಿಗಳು ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಜೊತೆಗಿರುವ ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಒಂದು ಸಂಜೆಗೆ ಒಂದು ಪ್ರಸಂಗ, ಉಳಿದದ್ದು ನಾಳೆಗೆ. ಕುಮಾರವ್ಯಾಸ ಭಾರತ ಪೂರ್ತಿ ಆಗಲಿ, ಆಮೇಲೆ ಅಭಿಪ್ರಾಯ ಹೇಳೋಣ ಎಂದು ಯಾರೂ ಕಾಯುತ್ತಿರಲಿಲ್ಲ. ಕಾದಿದ್ದರೂ, ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ್ದಾನಲ್ಲ!

ಈಗ ಒಬ್ಬೊಬ್ಬರೂ ಒಂದೊಂದು ಪುಸ್ತಕದಲ್ಲಿ, ಒಂದೊಂದು ಪುಟದಲ್ಲಿ ಇರುವುದರಿಂದಲೇ ಸ್ವಲ್ಪ ಸಿದ್ಧತೆ ಬೇಕಾಗಿದೆ.

ಹಂತ 1: ಮನೆಯಲ್ಲಿ ಒಂದು ಸುತ್ತು ಹಾಕಿ

"ನಾನು ಏನೂ ಓದ್ತಾ ಇಲ್ಲ" ಎನ್ನುವವರಿಗೆ ಈ ಕೆಲಸ. ಒಂದು ಭಾನುವಾರ ಮನೆಯಿಡೀ ತಿರುಗಿ, ಒಳಗೆ ಏನಾದರೂ ಗುರುತು ಸಿಕ್ಕಿಸಿರುವ ಪುಸ್ತಕಗಳನ್ನೆಲ್ಲ ಒಂದು ಕಡೆ ತನ್ನಿ. ಬಸ್ ಟಿಕೆಟ್, ಮದುವೆ ಕರೆಯೋಲೆಯ ತುಂಡು, ನವಿಲುಗರಿ, ಕರೆಂಟ್ ಬಿಲ್, ಯಾವುದಾದರೂ ಸರಿ. ನಾನು ಮಾಡಿದಾಗ ಹನ್ನೊಂದು ಸಿಕ್ಕವು. ಒಂದರೊಳಗಿದ್ದ ಬಸ್ ಟಿಕೆಟ್ಟಿನ ಅಕ್ಷರ ಪೂರ್ತಿ ಮಾಸಿ ಬರೀ ಬಿಳಿ ಕಾಗದವಾಗಿತ್ತು. ಎಷ್ಟು ವರ್ಷವಾಯಿತೋ.

ಅವನ್ನು ಮೂರು ಗುಡ್ಡೆ ಮಾಡಿ. ಈ ತಿಂಗಳಲ್ಲಿ ಒಮ್ಮೆಯಾದರೂ ತೆರೆದದ್ದು ಒಂದು. ತೆರೆದಿಲ್ಲ, ಆದರೆ ಕಥೆ ಇನ್ನೂ ತಲೆಯಲ್ಲಿದೆ ಎನ್ನುವಂಥದ್ದು ಇನ್ನೊಂದು. ಏನಿತ್ತೆಂದೇ ಮರೆತದ್ದು ಮೂರನೆಯದು. ಮೊದಲ ಗುಡ್ಡೆ ಮಾತ್ರ ನೀವು 'ಈಗ ಓದುತ್ತಿರುವುದು'. ಅದರಲ್ಲಿ ಒಂದೇ ಪುಸ್ತಕ ಇರಬಹುದು, ನಾಲ್ಕೂ ಇರಬಹುದು. ಬೆಳಿಗ್ಗೆ ಒಂದು, ಬಸ್ಸಿನಲ್ಲಿ ಒಂದು, ಮಲಗುವಾಗ ಒಂದು ಓದುವವರಿದ್ದಾರೆ. ಅದರಲ್ಲಿ ತಪ್ಪೇನಿಲ್ಲ.

ಕಾದಂಬರಿ, ಕವನ ಆದರೆ ಮಾತ್ರ ಓದು ಎಂಬ ಮಡಿ ಬೇಡ. ನಮ್ಮ ಕೂಟದ ಅಡಿಕೆ ಬೆಳೆಗಾರರೊಬ್ಬರು ಮೂರು ತಿಂಗಳು ಮಣ್ಣಿನ ಬಗೆಗಿನ ಒಂದೇ ಪುಸ್ತಕವನ್ನು ಓದುತ್ತಿದ್ದರು. ಒಂದು ಅಧ್ಯಾಯ ಓದುವುದು, ತೋಟಕ್ಕೆ ಹೋಗಿ ಅಗೆದು ನೋಡುವುದು, ಮತ್ತೆ ಬಂದು ಓದುವುದು. ಆ ತಿಂಗಳುಗಳಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಬಿದ್ದದ್ದು ಅವರಿಗೇ.

ಹಂತ 2: ಗುರುತು ಹಾಕುವುದನ್ನು ರೂಢಿ ಮಾಡಿಕೊಳ್ಳಿ

ಒಂದು ಸಣ್ಣ ನೋಟ್‌ಬುಕ್ ಸಾಕು. ಓದಿ ಮುಚ್ಚುವಾಗ ತಾರೀಖು, ಪುಟ, ಒಂದು ಸಾಲು. ಸಾಲು ಸುಂದರವಾಗಿರಬೇಕಾಗಿಲ್ಲ. "ಪುಟ 64. ಅಜ್ಜಿ ಸುಳ್ಳು ಹೇಳ್ತಿದಾಳೆ ಅನ್ಸುತ್ತೆ" ಎಂದರೆ ಆಯಿತು. ಮುಂದೆ ಅಜ್ಜಿ ನಿಜವನ್ನೇ ಹೇಳಿದ್ದಳೆಂದು ಗೊತ್ತಾದಾಗ ನಿಮ್ಮ ಹಳೆಯ ಸಾಲು ನಿಮಗೇ ಮಜಾ ಕೊಡುತ್ತದೆ. ಮುಗಿಸಿದ ಮೇಲೆ ಈ ಅನುಮಾನಗಳೆಲ್ಲ ಅಳಿಸಿಹೋಗುತ್ತವೆ, ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಎಂಬಂತೆ ಮನಸ್ಸು ನಟಿಸುತ್ತದೆ.

ಪುಟಸಂಖ್ಯೆಯ ಜೊತೆ ಅಧ್ಯಾಯದ ಸಂಖ್ಯೆಯನ್ನೂ ಬರೆದುಕೊಳ್ಳಿ. ಮುದ್ರಣ ಬದಲಾದರೆ ಪುಟ ಬದಲಾಗುತ್ತದೆ. ನಿಮ್ಮ 120 ಇನ್ನೊಬ್ಬರ ಪ್ರತಿಯಲ್ಲಿ 97 ಆಗಿರಬಹುದು. ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟದ ಲೆಕ್ಕವೇ ತಪ್ಪಬಹುದು, ಅಲ್ಲಿ ಶೇಕಡಾ ಎಷ್ಟು ಎಂದು ಹೇಳುವುದೇ ಸರಿ. ಆಡಿಯೊ ಕೇಳುವವರು ಗಂಟೆ, ನಿಮಿಷ ಹೇಳಲಿ.

ಗ್ರಂಥಾಲಯದ ಪುಸ್ತಕದಲ್ಲಿ ಗೀಟು ಎಳೆಯಬೇಡಿ. ಇದನ್ನು ಬಿಡಿಸಿ ಹೇಳಬೇಕೇ ಎಂದು ಕೇಳಬಹುದು. ಹೇಳಬೇಕು. ನಾನು ತಂದ ಪತ್ತೇದಾರಿ ಕಾದಂಬರಿಯೊಂದರಲ್ಲಿ ಯಾರೋ ಪುಣ್ಯಾತ್ಮರು ಮೂರನೇ ಅಧ್ಯಾಯದಲ್ಲೇ ಒಂದು ಹೆಸರಿನ ಕೆಳಗೆ ಎರಡು ಗೀಟು ಎಳೆದು "ಇವನೇ" ಎಂದು ಬರೆದಿಟ್ಟಿದ್ದರು.

ಹಂತ 3: ಹೇಳುವ ಮಾತನ್ನು ಕಟ್ಟಿಕೊಳ್ಳಿ

ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಬಹಳ ಜನ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಮೊದಲ ಪುಟದಿಂದ ಕಥೆ ಹೇಳತೊಡಗುತ್ತಾರೆ, ಅದು ಮುಗಿಯುವುದೇ ಇಲ್ಲ. ಅಥವಾ ಬೆನ್ನುಡಿಯಲ್ಲಿ ಅಚ್ಚಾಗಿರುವುದನ್ನೇ ಹೇಳುತ್ತಾರೆ: 'ಮಾನವೀಯ ಮೌಲ್ಯಗಳನ್ನು ಎತ್ತಿಹಿಡಿಯುವ ಮಹತ್ವದ ಕೃತಿ'. ಇದನ್ನು ಕೇಳಿದವರಿಗೆ ಪುಸ್ತಕದ ಬಗ್ಗೆಯೂ ಗೊತ್ತಾಗುವುದಿಲ್ಲ, ನಿಮ್ಮ ಬಗ್ಗೆಯೂ ಗೊತ್ತಾಗುವುದಿಲ್ಲ.

ನಾನು ಈಗ ಪಾಲಿಸುವ ಕ್ರಮ ಹೀಗಿದೆ. ಮೊದಲು, ಪುಸ್ತಕ ನಿಮ್ಮ ಕೈಗೆ ಹೇಗೆ ಬಂತು ಎಂದು ಹೇಳಿ. ಯಾರು ಕೊಟ್ಟರು, ಎಲ್ಲಿ ಕೊಂಡಿರಿ, ಯಾಕೆ ತೆರೆದಿರಿ. ಇದು ವ್ಯರ್ಥ ಪೀಠಿಕೆಯಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿ ಸಿಕ್ಕ ಪುಸ್ತಕಕ್ಕೂ ರಿಯಾಯಿತಿ ಮಾರಾಟದಲ್ಲಿ ಕೊಂಡ ಅದೇ ಪುಸ್ತಕಕ್ಕೂ ಓದು ಒಂದೇ ಆಗಿರುವುದಿಲ್ಲ. ಆಮೇಲೆ, ಈಗ ಎಲ್ಲಿದ್ದೀರಿ ಎಂದು ಹೇಳಿ. ಮುಂದೆ ಏನಾಗಬಹುದು ಎಂಬ ನಿಮ್ಮ ಊಹೆ ಹೇಳಿ, ತಪ್ಪಾದರೂ ಪರವಾಗಿಲ್ಲ. ಕೊನೆಗೆ ಎಲ್ಲಿ ತೊಡರಿದೆ ಎಂದು ಹೇಳಿ. ಅರ್ಥವಾಗದ ಪದ, ಒಪ್ಪಿಗೆಯಾಗದ ಮಾತು, ಬೇಸರ ಬಂದ ಅಧ್ಯಾಯ, ಏನಿದ್ದರೂ. ಕೂಟದಲ್ಲಿ ಮಾತು ಹುಟ್ಟುವುದು ಈ ಕೊನೆಯದರಿಂದಲೇ, ಆದರೆ ಎಲ್ಲರೂ ಮುಚ್ಚಿಡುವುದೂ ಇದನ್ನೇ.

ಒಂದು ಉದಾಹರಣೆ. ಮೇಷ್ಟ್ರ ಕೈಲಿ ಸಿಕ್ಕಿಬಿದ್ದ ಎರಡು ತಿಂಗಳ ಮೇಲೆ ನಾನು ಆಡಿದ ಮಾತು ಹೆಚ್ಚುಕಡಿಮೆ ಹೀಗಿತ್ತು:

"ಮಲೆಗಳಲ್ಲಿ ಮದುಮಗಳು ಓದ್ತಾ ಇದೀನಿ. ಈ ಸಲ ನಿಜವಾಗ್ಲೂ. ಹೋದ್ಸಲ ಇಲ್ಲಿ ಮರ್ಯಾದೆ ಹೋಗಿದ್ದಕ್ಕೇ ಶುರು ಮಾಡಿದ್ದು. ನೂರಿಪ್ಪತ್ತು ಪುಟ ಆಗಿದೆ. ಕಥೆ ಹಿಡಿಸ್ತಾ ಇದೆ, ಆದ್ರೆ ಜನ ಜಾಸ್ತಿ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಅಂತ ಮನೆಗಳು. ಯಾವ ಮನೇಲಿ ಯಾರು ಅನ್ನೋದು ಗೊಂದಲ ಆಗ್ಬಿಡುತ್ತೆ. ಹೆಸರು ಪಟ್ಟಿ ಮಾಡ್ಕೊಂಡೆ, ಪಟ್ಟಿ ಎರಡು ಪುಟ ಆಯ್ತು, ಈಗ ಪಟ್ಟೀನೂ ನೆನಪಿರಲ್ಲ. ನೀವೆಲ್ಲ ಹೆಂಗೆ ಓದಿದ್ರಿ?"

ಒಂದು ನಿಮಿಷವೂ ಆಗಿರಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ಅದೇ ನಡೆಯಿತು. ತೀರ್ಥಹಳ್ಳಿ ಕಡೆಯ ಅತ್ತಿಗೆಯೊಬ್ಬರು "ಪಟ್ಟಿ ಅಲ್ಲ, ನಕ್ಷೆ ಬರೀಬೇಕು" ಎಂದರು. ಕಾಗದದ ಮೇಲೆ ತೀರ್ಥಹಳ್ಳಿ, ಮೇಗರವಳ್ಳಿ, ಆಗುಂಬೆಯ ದಾರಿ ಎಳೆದು, ಅಂದಾಜಿನ ಮೇಲೆ ಅಕ್ಕಪಕ್ಕ ಮನೆಗಳನ್ನು ಕೂರಿಸಿದರು. ಕಾದಂಬರಿಯ ಜನ ಕಾಲ್ನಡಿಗೆಯಲ್ಲೇ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತಾರೆ, ಆ ದಾರಿ ಹಿಡಿದರೆ ಹೆಸರು ತಾನಾಗಿ ನಿಲ್ಲುತ್ತದೆ ಎಂಬುದು ಅವರ ವಾದ. ಮೇಷ್ಟ್ರು ಒಪ್ಪಲಿಲ್ಲ. "ಯಾರೂ ನೆನಪಿರೋದು ಬೇಡ, ಓದ್ತಾ ಹೋಗಿ, ಇನ್ನೂರು ಪುಟಕ್ಕೆ ಎಲ್ರೂ ನೆಂಟರಾಗ್ತಾರೆ" ಎಂದರು. ನಾನು ಅತ್ತಿಗೆಯ ನಕ್ಷೆಯನ್ನೇ ಹಿಡಿದೆ, ಈಗಲೂ ಪುಸ್ತಕದೊಳಗಿದೆ. "ಅದ್ಭುತ ಕೃತಿ" ಎಂದು ಹೇಳಿ ಕೂತಿದ್ದರೆ ಇದ್ಯಾವುದೂ ಸಿಗುತ್ತಿರಲಿಲ್ಲ.

ಹಂತ 4: ಒಂದು ತುಣುಕನ್ನು ಗಟ್ಟಿಯಾಗಿ ಓದಿ

ಮಾತಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ಸರಿಯಾಗಿ ಓದಿದರೆ.

ತುಣುಕು ಆರಿಸುವಾಗ ನಿಮಗೆ ಇಷ್ಟವಾದದ್ದನ್ನಲ್ಲ, ಕಿವಿಗೆ ದಕ್ಕುವುದನ್ನು ಆರಿಸಿ. ನಾಲ್ಕೈದು ಪಾತ್ರಗಳು ಒಟ್ಟಿಗೆ ಮಾತಾಡುವ ಸಂಭಾಷಣೆಯನ್ನು ಓದಿದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ. ಉದ್ದ ಸಮಾಸಗಳ ನಿಸರ್ಗವರ್ಣನೆ ಕಣ್ಣಿಗೆ ಚೆಂದ, ಕಿವಿಗೆ ಭಾರ. ಇಬ್ಬರ ಜಗಳ, ಒಬ್ಬರ ಸ್ವಗತ, ಒಂದು ಅಡುಗೆಮನೆಯ ದೃಶ್ಯ, ಇಂಥವು ಚೆನ್ನಾಗಿ ಕೂರುತ್ತವೆ. ಮನೆಯಲ್ಲಿ ಒಮ್ಮೆ ಗಡಿಯಾರ ಇಟ್ಟುಕೊಂಡು ಓದಿ. ಮೂರು ನಿಮಿಷ ದಾಟಿದರೆ ಕತ್ತರಿಸಿ.

ನಿಮ್ಮದಲ್ಲದ ಆಡುಮಾತು ಬಂದಾಗ ಎಚ್ಚರ ಇರಲಿ. ಧಾರವಾಡದ ಕಡೆಯ ಸಂಭಾಷಣೆಯನ್ನು ಶಿವಮೊಗ್ಗದವನು ನಾಟಕದ ಧ್ವನಿಯಲ್ಲಿ ಓದಿದರೆ ಅಣಕಿಸಿದಂತೆ ಕೇಳುತ್ತದೆ. ನಾನು ಒಮ್ಮೆ ಹಾಗೆ ಓದಿ, ಹುಬ್ಬಳ್ಳಿಯಿಂದ ವರ್ಗವಾಗಿ ಬಂದಿದ್ದ ಗೆಳತಿಯೊಬ್ಬರಿಂದ "ಸಾಕ್ರೀ, ನಾ ಓದ್ತೀನಿ, ಕೊಡ್ರಿ ಇಲ್ಲೆ" ಎನ್ನಿಸಿಕೊಂಡೆ. ಅವರು ಓದಿದ ಮೇಲೆ ಗೊತ್ತಾಯಿತು, ನಾನು ತಮಾಷೆ ಎಂದುಕೊಂಡಿದ್ದ ಸಾಲು ಬೈಗುಳವಾಗಿತ್ತು! ಆ ಭಾಗದವರು ಕೂಟದಲ್ಲಿದ್ದರೆ ಪುಸ್ತಕ ಅವರ ಕೈಗೆ ಕೊಡಿ. ಇಲ್ಲದಿದ್ದರೆ ಸುಮ್ಮನೆ ಸಾದಾ ಧ್ವನಿಯಲ್ಲಿ ಓದಿ.

ಹಳಗನ್ನಡ ಅಥವಾ ನಡುಗನ್ನಡ ಕಾವ್ಯ ಓದುತ್ತಿರುವವರಿಗೆ ಒಂದು ವಿಶೇಷ ಸೂಚನೆ. ಕುಮಾರವ್ಯಾಸನದು ಭಾಮಿನಿ ಷಟ್ಪದಿ. ಮೂರು, ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ; ಮೂರು ಮತ್ತು ಆರನೆಯ ಸಾಲು ಉದ್ದ, 23 ಮಾತ್ರೆ. ಪದಗಳು ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಹೋಗುವುದುಂಟು. ಸಾಲು ಮುಗಿಯಿತೆಂದು ಅಲ್ಲಿ ಉಸಿರು ಬಿಟ್ಟರೆ ಅರ್ಥವೂ ಬಿಟ್ಟುಹೋಗುತ್ತದೆ. ಆದ್ದರಿಂದ ಮೊದಲು ಪದ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪೆನ್ಸಿಲಿನಲ್ಲಿ ಪದ ಬಿಡಿಸಿ. ಮೊದಲ ಸಲ ಓಟಕ್ಕೆ ಓದಿ, ಎರಡನೆಯ ಸಲ ಪದ ಬಿಡಿಸಿ ಗದ್ಯದಂತೆ ಓದಿ, ಮೂರನೆಯ ಸಲ ಮತ್ತೆ ಓಟಕ್ಕೆ. ರಾಗ ಬರುವುದಿಲ್ಲ ಎಂದು ಹಿಂಜರಿಯಬೇಡಿ. ಗಮಕ ಕಲಿತವರು ಹಾಡಲಿ, ನಾವು ಓದೋಣ.

ಹಂತ 5: ಗುಟ್ಟು ಯಾವುದು, ಗುಟ್ಟಲ್ಲದ್ದು ಯಾವುದು

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಹಾರುವ ಓತಿಯನ್ನು ಹುಡುಕಿ ಹೋಗುವ ಕಥೆ ಎಂದು ಹೇಳಿದರೆ ಗುಟ್ಟು ರಟ್ಟಾಗುವುದಿಲ್ಲ. ಕೊನೆಗೆ ಓತಿ ಏನಾಯಿತು ಎಂದು ಹೇಳಿದರೆ ಆಗುತ್ತದೆ. ಪುಸ್ತಕ 1980ರದು, ಎಲ್ಲರೂ ಓದಿರುತ್ತಾರೆ ಎಂದುಕೊಳ್ಳಬೇಡಿ. ನಮ್ಮ ಕೂಟಕ್ಕೆ ಬರುವ ಇಂಜಿನಿಯರಿಂಗ್ ಹುಡುಗ ಹುಟ್ಟಿದ್ದು 2004ರಲ್ಲಿ.

ನೀವೇ ನಡುವೆ ಇದ್ದರೆ ಈ ತೊಂದರೆ ನಿಮ್ಮಿಂದ ಬರುವುದಿಲ್ಲ, ಬರುವುದು ಮೊದಲೇ ಓದಿದವರಿಂದ. ಅದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಓದಿದವರು ಉತ್ತರ ಕೊಡಬಾರದು, "ಅದನ್ನ ನೆನಪಲ್ಲಿಟ್ಕೊಳ್ಳಿ" ಎಂದಷ್ಟೇ ಹೇಳಬಹುದು. ಹೇಳುವ ದನಿಯಲ್ಲೇ ಅರ್ಧ ಗುಟ್ಟು ಬಿಡುವ ಚಾಣಾಕ್ಷರೂ ಇದ್ದಾರೆ, ಅದಕ್ಕೆ ಮದ್ದಿಲ್ಲ.

ಹಂತ 6: ಕೂಟ ಕಟ್ಟುವುದು

ಐದರಿಂದ ಎಂಟು ಜನ. ಮೂರೇ ಜನರಾದರೆ ಇಬ್ಬರು ಬಾರದ ದಿನ ನೀವೊಬ್ಬರೇ. ಹನ್ನೆರಡಾದರೆ ಅದು ಸಭೆ.

ಸಭೆ ಎಂದೆ. ಕನ್ನಡಿಗರು ಐದು ಜನ ಸೇರಿದರೆ ಆರನೆಯವರನ್ನು ಅಧ್ಯಕ್ಷರನ್ನಾಗಿ ಮಾಡುವ ಚಪಲ ನಮ್ಮ ರಕ್ತದಲ್ಲಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆ. ಇವುಗಳಲ್ಲಿ ಒಂದನ್ನು ಬಿಟ್ಟುಕೊಂಡರೂ ಉಳಿದವು ಹಿಂದೆಯೇ ಬರುತ್ತವೆ. ಮೊದಲ ವರ್ಷ ನಾವು ಊರಿನ ಹಿರಿಯರೊಬ್ಬರನ್ನು ಗೌರವಕ್ಕೆಂದು ಕರೆದೆವು. ಅವರು ತಾವು ಓದುತ್ತಿದ್ದ ಪುಸ್ತಕದ ಬಗ್ಗೆ ಬಿಟ್ಟು ಉಳಿದೆಲ್ಲದರ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಕಾಫಿ ಆರಿತು, ಉಳಿದ ಆರು ಜನ ತಮ್ಮ ಪುಸ್ತಕಗಳನ್ನು ಚೀಲದಿಂದ ಹೊರಗೆ ತೆಗೆಯದೆಯೇ ಮನೆಗೆ ಹೋದರು. ಮುಂದಿನ ತಿಂಗಳಿಂದ ಅಡುಗೆಮನೆಯ ಟೈಮರ್ ಒಂದನ್ನು ನಡುವೆ ಇಟ್ಟೆವು. ಒಬ್ಬರಿಗೆ ಆರು ನಿಮಿಷ. ಏಳು ಜನಕ್ಕೆ 42 ನಿಮಿಷ, ಉಳಿದದ್ದು ಹರಟೆಗೆ. ಟೈಮರ್ ಬಡಿದಾಗ ಹಿರಿಯರು ಕಿರಿಯರೆಂಬ ಭೇದ ಇಲ್ಲ.

ಸರದಿಯನ್ನು ಪ್ರತಿ ಸಲ ಬದಲಿಸಿ. ಸದಾ ಕೊನೆಗೆ ಉಳಿಯುವವರು ಯಾರೆಂದು ಗಮನಿಸಿ, ಅವರಿಂದ ಶುರು ಮಾಡಿ. ಮಾತು ಕಡಿಮೆ ಇರುವವರಿಗೆ "ಒಂದು ತುಣುಕು ಓದಿ ಸಾಕು" ಎನ್ನಿ. ಏನೂ ಓದದೆ ಬಂದವರನ್ನು ಹಿಂದಕ್ಕೆ ಕಳಿಸಬೇಡಿ, ಅವರು ಕೇಳಲಿ. ನಮ್ಮಲ್ಲಿ ಒಬ್ಬ ಅಜ್ಜಿ ಬರುತ್ತಾರೆ. ಕಣ್ಣಿನ ಪೊರೆ ಬಲಿತ ಮೇಲೆ ಓದು ನಿಂತಿದೆ. ಪ್ರತಿ ತಿಂಗಳೂ ಎಲ್ಲರ ಪುಸ್ತಕ ಎಲ್ಲಿಯವರೆಗೆ ಬಂದಿತ್ತೆಂದು ನೆನಪಿಟ್ಟುಕೊಂಡಿರುವವರು ಅವರೇ. "ಹೋದ ತಿಂಗಳು ಆ ಹುಡುಗಿ ರೈಲು ಹತ್ತಿದ್ಲಲ್ಲ, ಇಳಿದ್ಲಾ?" ಎಂದು ಕೇಳಿದರೆ, ಓದದೆ ಬಂದವರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತದೆ.

ಜಾಗ ಯಾರದಾದರೂ ಮನೆಯ ಜಗಲಿ ಆದೀತು. ಒಂದೇ ಮನೆಯಾದರೆ ಕಾಫಿ ತಿಂಡಿಯ ಭಾರ ಒಬ್ಬರ ಮೇಲೆ, ಬಹುತೇಕ ಆ ಮನೆಯ ಹೆಂಗಸರ ಮೇಲೆ, ಬೀಳುತ್ತದೆ. ಅವರು ಒಳಗೆ ಒಗ್ಗರಣೆ ಹಾಕುತ್ತಿರುವಾಗ ಹೊರಗೆ ನಾವು ಸಾಹಿತ್ಯ ಮಾತಾಡುವುದು ಚೆನ್ನಾಗಿರುವುದಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ತಂದು, ಲೋಟ ತೊಳೆದಿಟ್ಟು ಹೋಗುವ ಕ್ರಮ ಮಾಡಿಕೊಳ್ಳಿ. ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಮೇಜು ಸಿಗುತ್ತದೆಯೇ ಎಂದೂ ಕೇಳಿ. ರಾಜ್ಯದ ಗ್ರಂಥಾಲಯ ಕಾಯ್ದೆ 1965ರದು, ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಹಾಗಾಗಿ ಸಂಕೋಚಪಡಬೇಕಾಗಿಲ್ಲ. ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ವಿಚಾರಿಸಿ.

ದೂರದಲ್ಲಿರುವ ನೆಂಟರೂ ಸೇರುವುದಾದರೆ ವೇಳೆ ನೋಡಿ ಇಟ್ಟುಕೊಳ್ಳಬೇಕು. ನಮ್ಮ ಭಾನುವಾರ ಬೆಳಿಗ್ಗೆ ಎಂಟು ಎಂದರೆ ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ, ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ವಿಡಿಯೊ ಕರೆಯಲ್ಲಿ ಆರು ನಿಮಿಷ ಜಾಸ್ತಿಯಾಗುತ್ತದೆ, ನಾಲ್ಕು ಸಾಕು.

ಹಂತ 7: ಫೋನಿನಲ್ಲಿ

ಎರಡು ಕೂಟಗಳ ನಡುವೆ ವಾಟ್ಸಾಪ್ ಗುಂಪು ಬೇಕಾಗುತ್ತದೆ. ಹೆಸರಿನಲ್ಲೇ ಉದ್ದೇಶ ಹೇಳಿಬಿಡಿ, ಇಲ್ಲವಾದರೆ ಎರಡು ವಾರದಲ್ಲಿ ಅದು ಶುಭೋದಯದ ಹೂವುಗಳ ತೋಟವಾಗುತ್ತದೆ. ಅಲ್ಲಿ ಹಾಕಬೇಕಾದದ್ದು ಇಷ್ಟು: ಮುಖಪುಟದ ಚಿತ್ರ, ಲೇಖಕರ ಹೆಸರು, ಪ್ರಕಾಶಕರ ಹೆಸರು, ನೀವಿರುವ ಅಧ್ಯಾಯ, ಎರಡು ಸಾಲು. ಪ್ರಕಾಶಕರ ಹೆಸರು ಮುಖ್ಯ. ಕನ್ನಡದ ಪುಸ್ತಕವನ್ನು ಆಮೇಲೆ ಕೊಳ್ಳಬೇಕೆನ್ನುವವರಿಗೆ ಅದಿಲ್ಲದೆ ಅಂಗಡಿಯಲ್ಲಿ ಹುಡುಕುವುದು ಕಷ್ಟ. ಟೈಪ್ ಮಾಡಲು ಬೇಸರವಿದ್ದವರು ಮಾತಾಡಿಯೇ ಕಳಿಸಲಿ, ಒಂದು ನಿಮಿಷದ ಧ್ವನಿ ಸಂದೇಶ ಹಿತವಾಗಿರುತ್ತದೆ.

ಇನ್ನು ಪಿಡಿಎಫ್. ಇಲ್ಲಿ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. "ನಾನೀಗ ಇದನ್ನು ಓದುತ್ತಿದ್ದೇನೆ" ಎಂದು ಬರೆದು ಕೆಳಗೆ ಇಡೀ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಲಗತ್ತಿಸುವುದು ಹಂಚಿಕೊಳ್ಳುವುದಲ್ಲ, ಕದಿಯುವುದು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಹಕ್ಕು ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾದರೆ 2054ರ ಕೊನೆಯವರೆಗೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳು ಎಂದೋ ಮುಕ್ತವಾಗಿವೆ, ಅವನ್ನು ಧಾರಾಳವಾಗಿ ಕಳಿಸಿ. ಆ ಮಹಾನುಭಾವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ಉಳಿದವರ ಪುಸ್ತಕದಿಂದ ವಿಮರ್ಶೆಗೆ, ಚರ್ಚೆಗೆ ಬೇಕಾದಷ್ಟು ಸಾಲು ಎತ್ತಿಕೊಳ್ಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಒಂದು ಪ್ಯಾರಾ ಹಾಕಿ, ಬೇಕಾದವರು ಕೊಂಡು ಓದಲಿ.

ಗುಡ್‌ರೀಡ್ಸ್‌ನಂಥ ತಾಣದಲ್ಲಿ 'ಈಗ ಓದುತ್ತಿರುವುದು' ಎಂಬ ಕಪಾಟೇ ಇದೆ, ಪುಟ ಅಥವಾ ಶೇಕಡಾ ಲೆಕ್ಕದಲ್ಲಿ ಎಲ್ಲಿದ್ದೀರಿ ಎಂದು ದಾಖಲಿಸಬಹುದು. ಕನ್ನಡ ಪುಸ್ತಕ ಹುಡುಕುವಾಗ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಹುಡುಕಿ. ಒಂದೇ ಪುಸ್ತಕ ಎರಡು ಮೂರು ಕಾಗುಣಿತದಲ್ಲಿ ಕೂತಿರುತ್ತದೆ. ಹಳೆಯ ಮುದ್ರಣಗಳಿಗೆ ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಇರುವುದಿಲ್ಲ, ಹೆಸರಿನಿಂದಲೇ ಹುಡುಕಬೇಕು. ನಾನಂತೂ ನೋಟ್‌ಬುಕ್ಕಿಗೆ ಮರಳಿದೆ. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಅಲ್ಲಿ ಗುರಿ ಹಾಕಿಕೊಂಡಿದ್ದೆ. ಡಿಸೆಂಬರಿನಲ್ಲಿ ಲೆಕ್ಕ ತುಂಬಿಸಲು ಅರವತ್ತು ಪುಟದ ಪುಸ್ತಕಗಳನ್ನೇ ಹುಡುಕತೊಡಗಿದಾಗ ನನಗೇ ನಾಚಿಕೆಯಾಯಿತು.

ಹಂತ 8: ಪುಸ್ತಕ ಕೊಡುವ ತೆಗೆದುಕೊಳ್ಳುವ ಲೆಕ್ಕ

ಓದುತ್ತಿರುವುದರ ಬಗ್ಗೆ ಚೆನ್ನಾಗಿ ಮಾತಾಡಿದರೆ ಯಾರಾದರೂ "ಮುಗಿದ ಮೇಲೆ ಕೊಡಿ" ಎಂದೇ ಎನ್ನುತ್ತಾರೆ. ಕೊಡಿ, ಆದರೆ ಬರೆದಿಟ್ಟುಕೊಳ್ಳಿ. ಯಾವ ಪುಸ್ತಕ, ಯಾರಿಗೆ, ಯಾವತ್ತು. ಮುಂದಿನ ಕೂಟದಲ್ಲಿ ಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿ. ಇದರಿಂದ ನೆಂಟಸ್ತನ ಕೆಡುವುದಿಲ್ಲ. ನಮ್ಮ ಭಾವ ಎಂಟು ವರ್ಷದಿಂದ ಇಟ್ಟುಕೊಂಡಿರುವ ನನ್ನ ಎರಡು ಸಂಪುಟಗಳನ್ನು ಕೇಳಲಾಗದೆ ನೆಂಟಸ್ತನ ಸ್ವಲ್ಪ ಕೆಟ್ಟಿದೆ.

ಹಂತ 9: ಕೈಬಿಟ್ಟದ್ದನ್ನೂ ಹೇಳಿ

ಓದುತ್ತಿದ್ದ ಪುಸ್ತಕವನ್ನು ನಡುವೆ ಬಿಟ್ಟರೆ ಜನ ಆ ತಿಂಗಳು ಕೂಟಕ್ಕೇ ಬರುವುದಿಲ್ಲ. ಅದಕ್ಕಾಗಿ ನಾವು ಒಂದು ರಟ್ಟಿನ ಪೆಟ್ಟಿಗೆ ಇಟ್ಟೆವು. ಬಿಟ್ಟ ಪುಸ್ತಕವನ್ನು ಅದರಲ್ಲಿ ಹಾಕಬೇಕು, ಯಾಕೆ ಬಿಟ್ಟಿರೆಂದು ಒಂದು ಚೀಟಿ ಬರೆದು ಪುಸ್ತಕದೊಳಗೇ ಇಡಬೇಕು. ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹಳೆಯ ಚೀಟಿ ತೆಗೆಯುವಂತಿಲ್ಲ.

ಹಾಗೆ ಒಂದು ಕಾದಂಬರಿ ಮೂರು ಜನರ ಕೈ ದಾಟಿ ಪೆಟ್ಟಿಗೆಗೆ ಮರಳಿತ್ತು. ಮೊದಲ ಚೀಟಿಯಲ್ಲಿ "ಗಮನ ನಿಲ್ತಾ ಇಲ್ಲ, ನನ್ನದೇ ತಪ್ಪಿರಬೇಕು" ಎಂದಿತ್ತು. ಎರಡನೆಯದರಲ್ಲಿ "ನಡುವೆ ಹಿಡಿತ ತಪ್ಪುತ್ತದೆ" ಎಂದು. ಮೂರನೆಯದು ನಮ್ಮಲ್ಲಿ ವಿಮರ್ಶೆ ಬರೆಯುವ ಒಬ್ಬರದು: "ಕಾಲದ ಏಕಮುಖ ಚಲನೆಯನ್ನು ಒಡೆಯುವ ದಿಟ್ಟ ಪ್ರಯೋಗ, ಆದರೆ ನನಗೆ ದಕ್ಕಲಿಲ್ಲ". ನಾಲ್ಕನೆಯದಾಗಿ ಇಂಜಿನಿಯರಿಂಗ್ ಹುಡುಗ ಒಯ್ದ. ಅವನು ದಿನಾ ಪುಟಸಂಖ್ಯೆ ಬರೆದಿಟ್ಟುಕೊಳ್ಳುವ ಜಾತಿ. ಮುಂದಿನ ತಿಂಗಳು ಬಂದು ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ತೋರಿಸಿದ. 64ನೆಯ ಪುಟ ಆದ ಮೇಲೆ 81 ಬರುತ್ತಿತ್ತು, 96 ಆದ ಮೇಲೆ 65. ಹೊಲಿಯುವಾಗ ಹದಿನಾರು ಪುಟದ ಎರಡು ಕಟ್ಟು (ಫಾರಂ) ಹಿಂದುಮುಂದಾಗಿತ್ತು.